ಉದಕಮಂಡಲಕ್ಕೆ ಬರುವ ಬಂಧುಗಳಿಗೆ

ಬೇಸಿಗೆಯ ರಜೆ ಬಂದೊಡನೆ ಮೈಸೂರು ಸೀಮೆಯ ನೆಂಟರಿಷ್ಟರು ನಮ್ಮ ಉದಕಮಂಡಲಕ್ಕೆ ಹೊರಡುವುದು ವಾಡಿಕೆ. ಅವರನ್ನು ಕರೆಯುವಾಗ ಈ ನಾಲ್ಕು ಮಾತುಗಳನ್ನೂ ತಿಳಿಸಬೇಕೆಂದು ವಾಚಕರಲ್ಲಿ ಕೋರುತ್ತೇವೆ.

ಮೊದಲನೆಯದು ವೇಳೆ. ಬಂಡೀಪುರ-ಮುದುಮಲೆಯ ಕಾಡುದಾರಿಯು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಮುಚ್ಚಿರುತ್ತದೆ. ಆ ಹೊತ್ತು ಆನೆ, ಜಿಂಕೆಗಳದು. ಊಟ, ವಿಶ್ರಾಂತಿಗಳನ್ನು ಗುಂಡ್ಲುಪೇಟೆಯಲ್ಲಿಯೇ ಮುಗಿಸಿ, ಕಾಡಿನಲ್ಲಿ ಎಲ್ಲಿಯೂ ಇಳಿಯದೆ ಬರುವುದು ಲೇಸು.

ಎರಡನೆಯದು ಪರವಾನಗಿ. ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ವ್ಯವಸ್ಥೆ ಬಂದಿದೆ. ಅದನ್ನು ಹೊರಡುವ ಮುನ್ನವೇ ಪಡೆದಿರಬೇಕು. ಸರ್ಕಾರಿ ಬಸ್ಸಿನವರಿಗೆ ಈ ಚಿಂತೆಯಿಲ್ಲ.

ಮೂರನೆಯದು ದಾರಿ. ತೆಪ್ಪಕಾಡಿನಲ್ಲಿ ರಸ್ತೆ ಕವಲೊಡೆಯುತ್ತದೆ. ಅಲ್ಲಿಂದ ಉದಕಮಂಡಲವು ಮಸಿನಗುಡಿಯ ಮೂಲಕ ಸುಮಾರು 36 ಕಿಲೋಮೀಟರ್, ಗೂಡಲೂರಿನ ಮೂಲಕ 67. ಹತ್ತಿರದ ದಾರಿಯಲ್ಲಿ ಕಲ್ಹಟ್ಟಿ ಘಟ್ಟದ 36 ಕಡಿದಾದ ತಿರುವುಗಳಿವೆ. ಇಳಿಯುವಾಗ ಅಲ್ಲಿ ಪ್ರಾಣಹಾನಿಯಾದ ಅಪಘಾತಗಳು ನಡೆದಿವೆ. ಘಟ್ಟದ ಅಭ್ಯಾಸವಿಲ್ಲದವರಿಗೆ, ಹಿಂದಿರುಗುವಾಗಲಂತೂ ಎಲ್ಲರಿಗೂ, ಗೂಡಲೂರೇ ಕ್ಷೇಮ.

ನಾಲ್ಕನೆಯದು ಸಾಮಾನು. ಬೆಚ್ಚನೆಯ ಉಡುಪಿರಲಿ. ಪ್ಲಾಸ್ಟಿಕ್ ನೀರಿನ ಬಾಟಲಿ ಇಲ್ಲಿ ನಿಷಿದ್ಧ, ಸ್ಟೀಲಿನದನ್ನು ತರಲಿ. ಭಾಷೆಯ ಅಂಜಿಕೆ ಬೇಡ. ಬಡಗರ ನುಡಿ ಕನ್ನಡದ ಒಡಹುಟ್ಟು.

ತಡವಾಯಿತೆಂದು ಕಾಡಿನಲ್ಲಿ ವೇಗ ಹೆಚ್ಚಿಸಿ ಬರುವುದಕ್ಕಿಂತ ಆ ರಾತ್ರಿ ಗುಂಡ್ಲುಪೇಟೆಯಲ್ಲಿ ತಂಗುವುದು ಮೇಲು. ನಮ್ಮ ಮನೆಯ ಅಡಿಗೆ ಮರುದಿನಕ್ಕೂ ಕಾಯಬಲ್ಲುದು.