ಅಂಥ ಮೇಷ್ಟ್ರು ಹುಟ್ಟುತ್ತಲೇ ಇದ್ದಾರೆ, ಉಳಿಯಲು ಬಿಡಿ

ಆಗಸ್ಟ್ 7 ಬಂತೆಂದರೆ ಕಿ.ರಂ. ನಾಗರಾಜರ ನೆನಪು ಶುರುವಾಗುತ್ತದೆ. 2010ರಲ್ಲಿ ಅವರು ತೀರಿಕೊಂಡ ದಿನ ಅದು. ಸಭೆ, ಕಾವ್ಯವಾಚನ, ಹಳೇ ಫೋಟೊ, ಜೊತೆಗೆ ಅಂಥ ಮೇಷ್ಟ್ರು ಇನ್ನು ಹುಟ್ಟೋದಿಲ್ಲ ಎಂಬ ನಿಟ್ಟುಸಿರು. ನೆನೆಯುವುದು ಖಂಡಿತ ತಪ್ಪಲ್ಲ. ನಮ್ಮ ತಕರಾರು ಆ ನಿಟ್ಟುಸಿರಿನ ಬಗ್ಗೆ. ಅಂಥ ಮೇಷ್ಟ್ರು ಹುಟ್ಟುತ್ತಲೇ ಇದ್ದಾರೆ. ಅವರನ್ನು ಉಳಿಯಲು ಬಿಡುತ್ತಿಲ್ಲ, ಅಷ್ಟೇ.

ಹಾಸನ ಜಿಲ್ಲೆಯ ಕಿತ್ತಾನೆಯಿಂದ ಬಂದ ಕಿ.ರಂ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪಾಠ ಮಾಡಿದವರು. ಪಂಪ, ಅಲ್ಲಮ, ಬೇಂದ್ರೆ, ಯಾರ ಬಗ್ಗೆ ಬೇಕಾದರೂ ಗಂಟೆಗಟ್ಟಲೆ ಮಾತಾಡಬಲ್ಲವರು. ಬರೆದದ್ದು ಮಾತ್ರ ಕಡಿಮೆ. 'ನೀಗಿಕೊಂಡ ಸಂಸ', 'ಮತ್ತೆ ಮತ್ತೆ ಬೇಂದ್ರೆ'ಯಂಥ ಕೆಲವನ್ನು ಬಿಟ್ಟರೆ ಅವರ ಓದೆಲ್ಲ ಮಾತಿನಲ್ಲೇ ಹೋಯಿತು ಎಂದು ಕೊರಗುವವರಿದ್ದಾರೆ. ಎಲ್ಲೂ ಹೋಗಲಿಲ್ಲ ಸ್ವಾಮಿ, ವಿದ್ಯಾರ್ಥಿಗಳ ಕೈಗೆ ಹೋಯಿತು. ಅವರಲ್ಲಿ ಕೆಲವರು ತಾಲ್ಲೂಕು ಕಾಲೇಜುಗಳಿಗೆ ಮೇಷ್ಟ್ರಾಗಿ ಬಂದರು. ನಾವು ಕಿ.ರಂ. ತರಗತಿಯಲ್ಲಿ ಕೂತವರಲ್ಲ, ಅವರ ಶಿಷ್ಯರ ಮುಂದೆ ಕೂತವರು. ಪದ್ಯವನ್ನು ಮೊದಲು ಗಟ್ಟಿಯಾಗಿ ಓದಬೇಕು, ಅರ್ಥ ಆಮೇಲೆ ಎಂದು ಕಲಿತದ್ದು ಅಲ್ಲಿ. ಗ್ರಾಮಸಭೆಯಲ್ಲಿ ಹಿಂದೆ ನಿಂತ ಹೆಂಗಸಿನ ಮಾತನ್ನು ಆಕೆಯ ಕನ್ನಡದಲ್ಲೇ ಬರೆದುಕೊಳ್ಳುವ ಅಭ್ಯಾಸ ನಮಗೆ ಬಂದದ್ದು ಆ ತರಗತಿಯಿಂದ, ಜರ್ನಲಿಸಂ ಡಿಪ್ಲೊಮಾದಿಂದಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಕಿ.ರಂ. ತೀರಿಕೊಂಡ ವರ್ಷವೇ ಯುಜಿಸಿಯು ಅಧ್ಯಾಪಕರ ನೇಮಕ, ಬಡ್ತಿಗೆ ಎಪಿಐ ಎಂಬ ಅಂಕ ಪದ್ಧತಿ ತಂದಿತು. ಪ್ರಬಂಧಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು, ಸೆಮಿನಾರಿಗೆ ಇಷ್ಟು. 2018ರಲ್ಲಿ ನಿಯಮ ಬದಲಾದರೂ ವಿಶ್ವವಿದ್ಯಾಲಯಗಳಲ್ಲಿ ಪ್ರಕಟಣೆಯ ಅಂಕ ಹೋಗಲಿಲ್ಲ. ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದ, ಯಾರೂ ಓದದ ಐಎಸ್‌ಬಿಎನ್ ಪುಸ್ತಕಗಳು ರಾಶಿ ಬಿದ್ದದ್ದು ಹೀಗೆ. ತರಗತಿ ಮುಗಿದ ಮೇಲೂ ಕೂತು ಒಬ್ಬ ಹುಡುಗಿಗೆ ಒಂದು ವಚನ ಬಿಡಿಸಿ ಹೇಳಿದ ಮೇಷ್ಟ್ರಿಗೆ ಎಷ್ಟು ಅಂಕ? ಸೊನ್ನೆ.

ಹಾಗಾದರೆ ಪಾಠವನ್ನೇ ಮಾಡದ ಸೋಮಾರಿಗಳನ್ನು ಏನು ಮಾಡೋದು ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅಳೆಯಿರಿ, ಬೇಡ ಅಂದವರಾರು? ತರಗತಿಗೆ ಬಂದು, ಹಿಂದಿನ ಬೆಂಚಿನಲ್ಲಿ ಕೂತು ಅಳೆಯಿರಿ. ಹಳೇ ವಿದ್ಯಾರ್ಥಿಗಳನ್ನು ಕೇಳಿ ಅಳೆಯಿರಿ.

ಇದು ಕಾಯಂ ಇದ್ದವರ ಕತೆ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ಹೊತ್ತು ನಡೆಸಿದವರು 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. 2023ರ ನವೆಂಬರಿನಲ್ಲಿ ಅವರು ಕಾಯಮಾತಿ ಕೇಳಿ ಧರಣಿ ಕೂತರು. ಗೌರವಧನ ಹೆಚ್ಚಿತು, ಕಾಯಮಾತಿ ಸಿಗಲಿಲ್ಲ. ಮುಂದಿನ ವರ್ಷ ಈ ಊರಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರು ಯಾವ ಹುಡುಗನ ಮೂರು ವರ್ಷದ ಓದನ್ನು ಕಾಯಬಲ್ಲರು? ಅಚ್ಚಾದ ಕಾಲಂ ಲೆಕ್ಕದಲ್ಲಿ ದುಡ್ಡು ಎಣಿಸುವ ಸ್ಟ್ರಿಂಗರುಗಳು ನಾವು. ಈ 'ಅತಿಥಿ' ಅನ್ನುವ ಪದದ ಮರ್ಯಾದೆ ಎಷ್ಟೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಒಬ್ಬ ಮೇಷ್ಟ್ರು ತಯಾರಾಗಲು ಒಂದೇ ಜಾಗದಲ್ಲಿ ಹತ್ತಾರು ವರ್ಷ ಬೇಕು. ಸಂಬಳದ ಚಿಂತೆಯಿಲ್ಲದ ಸಂಜೆಗಳು ಬೇಕು. ಕಿ.ರಂ. ಅವರಿಗೆ ಹಾರ ಹಾಕುವವರು ಅದೇ ಕೈಯಲ್ಲಿ ಒಂದು ಅರ್ಜಿಯನ್ನೂ ಬರೆಯಲಿ. ನಿಮ್ಮ ತಾಲ್ಲೂಕಿನ ಕಾಲೇಜಿನಲ್ಲಿ ಕನ್ನಡಕ್ಕೆ ಕಾಯಂ ಅಧ್ಯಾಪಕರು ಎಷ್ಟು ಜನ, ಖಾಲಿ ಹುದ್ದೆ ಎಷ್ಟು, ತುಂಬುವುದು ಯಾವಾಗ ಎಂದು ಶಾಸಕರನ್ನು ಕೇಳಿ. ಉತ್ತರ ಬಂದರೆ ನಮಗೂ ಕಳಿಸಿ. ಸುದ್ದಿ ಮಾಡುತ್ತೇವೆ.