ಕೆಂಪು ಕ್ಯಾಲಿಪರ್ ಕಾರು ನಿಲ್ಲಿಸುವುದಿಲ್ಲ

ಟ್ರ್ಯಾಕ್ ಡೇಗೆ ಕಾರು ತಯಾರು ಮಾಡಲು ಹೊರಟವರು ಮೊದಲು ವಿಚಾರಿಸುವುದು ದೊಡ್ಡ ಡಿಸ್ಕಿನ ಬೆಲೆ. ಬ್ರೇಕ್ ಆಯಿಲ್ ಬದಲಿಸಿ ಎಷ್ಟು ದಿನವಾಯಿತು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಅಂಗಡಿಯವರೂ ಅದನ್ನು ಕೇಳುವುದಿಲ್ಲ. ಒಂದೆರಡು ಬಾಟಲಿ ಆಯಿಲ್ ಮಾರಿದರೆ ಅವರಿಗೆ ಸಿಗುವುದೇನು? ದೊಡ್ಡ ಕಿಟ್ ಮಾರಿದರೆ ತಿಂಗಳ ಬಾಡಿಗೆ ಬಂತು. ನಮ್ಮಲ್ಲಿ ಬ್ರೇಕಿನ ವ್ಯಾಪಾರ ತಲೆಕೆಳಗಾಗಿ ನಡೆಯುತ್ತಿದೆ ಎನ್ನುವುದು ನನ್ನ ತಕರಾರು.

ಕಾರನ್ನು ಕೊನೆಗೆ ನಿಲ್ಲಿಸುವುದು ಟೈರು. ಈಗಿರುವ ಬ್ರೇಕನ್ನು ಜೋರಾಗಿ ಒತ್ತಿದಾಗ ಕಾಲಡಿಯಲ್ಲಿ ಎಬಿಎಸ್ ಗಡಗಡ ಎನ್ನುತ್ತದೆಯೇ? ಹಾಗಾದರೆ ಟೈರಿನ ಹಿಡಿತ ಮುಗಿಯುವಷ್ಟು ಬಲ ನಿಮ್ಮ ಬ್ರೇಕಿಗೆ ಈಗಾಗಲೇ ಇದೆ. ಅದರ ಮೇಲೆ ಆರು ಪಿಸ್ಟನ್ನಿನ ಕ್ಯಾಲಿಪರ್ ಹಾಕಿದರೂ ಆ ಒಂದು ಒತ್ತಿನಲ್ಲಿ ಕಾರು ಒಂದಡಿ ಮೊದಲೂ ನಿಲ್ಲುವುದಿಲ್ಲ.

ಟ್ರ್ಯಾಕಿನಲ್ಲಿ ಕೊರತೆ ಬೀಳುವುದು ಬಲಕ್ಕಲ್ಲ, ಶಾಖ ತಡೆಯುವ ಶಕ್ತಿಗೆ. ಲೆಕ್ಕ ಹಾಕಿ ನೋಡಿ. 1,100 ಕಿಲೋ ತೂಕದ ಹ್ಯಾಚ್‌ಬ್ಯಾಕ್ ಊರೊಳಗೆ 60 ಕಿ.ಮೀ. ವೇಗದಿಂದ ನಿಂತರೆ ಬ್ರೇಕಿಗೆ ಬೀಳುವುದು ಸುಮಾರು ಒಂದೂವರೆ ಲಕ್ಷ ಜೌಲ್. ಅದೇ ಕಾರು ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನ ಉದ್ದನೆಯ ನೇರದ ಕೊನೆಯಲ್ಲಿ 180ರಿಂದ 80ಕ್ಕೆ ಇಳಿದರೆ ಹನ್ನೊಂದು ಲಕ್ಷ ಜೌಲ್. ಮೂರೂವರೆ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ, ಕೆಲವೇ ಸೆಕೆಂಡುಗಳಲ್ಲಿ. ಅದರ ಬಹುಪಾಲು ಮುಂದಿನ ಎರಡು ಡಿಸ್ಕುಗಳಿಗೆ. ಅವು ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ಈ ಶಾಖಕ್ಕೆ ಸೋಲುವುದು ಎರಡು ಬಗೆಯಲ್ಲಿ, ಮತ್ತು ಯಾವುದೆಂದು ನಿಮ್ಮ ಕಾಲೇ ಹೇಳುತ್ತದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಕೈಕೊಟ್ಟಿದೆ. ಪೆಡಲ್ ಮೆತ್ತಗಾಗಿ ನೆಲ ಮುಟ್ಟಿದರೆ ಆಯಿಲ್ ಕುದಿದಿದೆ. ಎರಡನೆಯದೇ ಭಯಂಕರ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ತುಳಿಯುವುದೆಲ್ಲ ಗುಳ್ಳೆ ಒತ್ತುವುದಕ್ಕೇ ಖರ್ಚಾಗುತ್ತದೆ. ಆಗ ಅಪಾಯ ನಿಮಗೊಬ್ಬರಿಗೇ ಅಲ್ಲ, ಮುಂದಿನ ತಿರುವಿನಲ್ಲಿರುವ ಇನ್ನೊಬ್ಬರಿಗೂ.

ಡಾಟ್ 4 ಮಾನದಂಡದ ಪ್ರಕಾರ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ನೂರಕ್ಕೆ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಈ ಆಯಿಲ್ ಗಾಳಿಯ ತೇವವನ್ನು ತಾನಾಗಿಯೇ ಹೀರಿಕೊಳ್ಳುತ್ತದೆ. ಮುಂಬೈನ ಮಳೆ, ಚೆನ್ನೈನ ಕಡಲ ಗಾಳಿ ಎರಡೂ ಅದಕ್ಕೆ ಹಬ್ಬದೂಟ. ಮಟ್ಟ ಕಡಿಮೆಯಾದಾಗ ಮೇಲಿಂದ ಸುರಿದು ಸರ್ವಿಸ್ ಆಯಿತೆನ್ನುವುದು ಟ್ರ್ಯಾಕಿಗೆ ನಡೆಯದು. ಹಳೆಯದನ್ನು ಪೂರ್ತಿ ತೆಗೆದು, ಒಳ್ಳೆಯ ಡಾಟ್ 4 ಅಥವಾ 5.1 ತುಂಬಿಸಿ. 5.1ಕ್ಕೆ ಮಿತಿ 260 ಮತ್ತು 180. ಬರಿಯ ಡಾಟ್ 5 ಎಂಬುದು ಸಿಲಿಕಾನಿನದು, ಬೇರೆಯೇ ಜಾತಿ, ಅಪ್ಪಿತಪ್ಪಿಯೂ ಬೆರೆಸಬೇಡಿ.

ಆಮೇಲೆ ಪ್ಯಾಡ್. ಇಲ್ಲಿ ನನ್ನ ಜಗಳ ಇನ್ನೊಂದು ಪಂಗಡದ ಜೊತೆ: ಅಪ್ಪಟ ರೇಸ್ ಪ್ಯಾಡೇ ಬೇಕೆನ್ನುವವರು. ನಮ್ಮಲ್ಲಿ ಟ್ರ್ಯಾಕುಗಳು ಬೆರಳೆಣಿಕೆಯಷ್ಟು. ಪುಣೆಯಿಂದಲೋ ಹೈದರಾಬಾದಿನಿಂದಲೋ ಹೊರಟವರು ಅದೇ ಕಾರಿನಲ್ಲಿ ನೂರಾರು ಕಿಲೋಮೀಟರ್ ಓಡಿಸಿ ಕೊಯಮತ್ತೂರಿಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೋ ಬರುತ್ತಾರೆ, ಸಂಜೆ ಅದರಲ್ಲೇ ಮರಳುತ್ತಾರೆ. ರೇಸ್ ಪ್ಯಾಡ್ ಬಿಸಿಯಾಗದೆ ಸರಿಯಾಗಿ ಕಚ್ಚುವುದಿಲ್ಲ. ಬೆಂಗಳೂರು ಹೆದ್ದಾರಿಯಲ್ಲಿ ಲೈಟಿಲ್ಲದ ಟ್ರ್ಯಾಕ್ಟರ್ ಎದುರಾದಾಗ ನಿಮ್ಮ ಪ್ಯಾಡ್ ತಣ್ಣಗೇ ಇರುತ್ತದೆ. ಎರಡಕ್ಕೂ ಆಗುವ ನಡುವಿನ ಪ್ಯಾಡ್ ಹಾಕಿಸಿ, ಇಲ್ಲವೇ ಟ್ರ್ಯಾಕಿಗೆ ಬಂದು ಬದಲಿಸಿಕೊಳ್ಳಿ. ಸಾಮಾನ್ಯ ಸ್ಲೈಡಿಂಗ್ ಕ್ಯಾಲಿಪರಿಗೆ ಅದು ದೊಡ್ಡ ಕೆಲಸವಲ್ಲ. ಹೊಸ ಪ್ಯಾಡನ್ನು ಡಿಸ್ಕಿಗೆ ಪಳಗಿಸದೆ ಮೊದಲ ಸುತ್ತಿಗೇ ಜೋರು ಮಾಡಬೇಡಿ.

ತೂತು ಕೊರೆದ ಡಿಸ್ಕು ಚೆಂದ, ಒಪ್ಪಿದೆ. ಆದರೆ ಪದೇ ಪದೇ ಕಾದು ಆರುವಾಗ ಬಿರುಕು ಶುರುವಾಗುವುದು ಆ ತೂತಿನ ಅಂಚಿನಲ್ಲೇ. ಜೆ.ಸಿ. ರೋಡಿನಲ್ಲೋ ಕರೋಲ್ ಬಾಗಿನಲ್ಲೋ ಕ್ಯಾಲಿಪರಿಗೆ ಅಂಟಿಸುವ ಕೆಂಪು ಕವರ್ ಕೊಂಡು ಟ್ರ್ಯಾಕಿಗೆ ಬರುವವರಿಗೆ ಏನು ಹೇಳಲಿ! ಗಾಳಿ ಬೇಕಾದ ಜಾಗಕ್ಕೆ ಕಂಬಳಿ ಹೊದಿಸಿದಂತೆ.

ದೊಡ್ಡ ಕಿಟ್ ಯಾರಿಗೂ ಬೇಡವೇ? ಬೇಕು. ಎಂಜಿನ್ ಶಕ್ತಿ ಬಹಳ ಹೆಚ್ಚಿಸಿದ ಕಾರಿಗೆ, ಎರಡು ಟನ್ ತೂಗುವ ಗಾಡಿಗೆ, ಒಳ್ಳೆಯ ಆಯಿಲ್, ಪ್ಯಾಡ್, ಗಾಳಿಕೊಳವೆ ಎಲ್ಲ ಆದ ಮೇಲೂ ಸೋಲುವ ಬ್ರೇಕಿಗೆ. ದೊಡ್ಡ ಡಿಸ್ಕು ಹೆಚ್ಚು ಶಾಖ ನುಂಗುತ್ತದೆ, ಸುಳ್ಳಲ್ಲ. ಆದರೆ ಮುಂದಕ್ಕೆ ಮಾತ್ರ ದೊಡ್ಡ ಪಿಸ್ಟನ್ ಹಾಕಿ, ಹಿಂದೆ ಕಂಪನಿಯ ಡ್ರಮ್ ಹಾಗೇ ಬಿಟ್ಟರೆ ತೂಕ ತೂಗಿಸಿಟ್ಟ ಹಂಚಿಕೆ ಕೆಡುತ್ತದೆ: ಮುಂದಿನ ಚಕ್ರ ಬೇಗ ಲಾಕ್, ಹಿಂದಿನದು ಸೋಮಾರಿ, ಪೆಡಲ್ ಪ್ರಯಾಣ ಉದ್ದ. ದುಡ್ಡು ಕೊಟ್ಟು ನಿಲ್ಲುವ ದೂರ ಹೆಚ್ಚಿಸಿಕೊಂಡ ಹಾಗೆ. ಮಾಸ್ಟರ್ ಸಿಲಿಂಡರಿಗೂ ಹಿಂದಿನ ಬ್ರೇಕಿಗೂ ಹೊಂದುತ್ತದೆಯೇ ಎಂಬ ಪ್ರಶ್ನೆಗೆ ಉತ್ತರಿಸಲಾಗದ ಅಂಗಡಿಯಿಂದ ಕಿಟ್ ಕೊಳ್ಳಬೇಡಿ. ಉಳಿದ ಹಣ ಟೈರಿಗೆ ಹಾಕಿ.

ಆಯೋಜಕರಿಗೂ ಒಂದು ಮಾತು. ಹೆಲ್ಮೆಟ್ ಪರೀಕ್ಷಿಸುವಾಗಲೇ ಬ್ರೇಕ್ ಆಯಿಲ್ ಬದಲಿಸಿದ ಬಿಲ್ಲನ್ನೂ, ಪ್ಯಾಡಿನ ದಪ್ಪವನ್ನೂ ನೋಡಿ. ಇಲ್ಲದವರನ್ನು ಪಿಟ್ಟಿನಿಂದಲೇ ವಾಪಸು ಕಳಿಸಿ. ಓಡಿಸುವವರು ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದ ಹಾಗೆ ನಿಧಾನ ಹಾಕಿ ಒಳಗೆ ಬನ್ನಿ. ಬಂದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯದೆ, ಕಾರನ್ನು ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೊಂದು ಕಲ್ಲು ಕೊಡಿ.