ಗಾಜು ಏರಲಿಲ್ಲವೆಂದರೆ...



ಮಳೆಗಾಲ ಬಂತೆಂದರೆ ನಾವು ಮುಂಬಯಿಯವರು ಕೊಡೆ ರಿಪೇರಿ ಮಾಡಿಸುತ್ತೇವೆ, ಬಾಲ್ಕನಿಗೆ ಪ್ಲಾಸ್ಟಿಕ್ ಕಟ್ಟುತ್ತೇವೆ. ಕಾರಿನ ಕಿಟಕಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ನನಗೂ ಆಗಿರಲಿಲ್ಲ. ಕಳೆದ ಜೂನ್‌ನಲ್ಲಿ ಒಂದು ಮದುವೆ ಮುಗಿಸಿ ಹೊರಟಾಗ, ನಮ್ಮ ಹದಿನೈದು ವರ್ಷದ ಕಾರಿನಲ್ಲಿ ನಾನು ಕುಳಿತಿದ್ದ ಎಡಗಡೆಯ ಗಾಜು ಅರ್ಧಕ್ಕೆ ನಿಂತುಬಿಟ್ಟಿತು. ಸ್ವಿಚ್ಚು ಒತ್ತಿ ಒತ್ತಿ ಬೆರಳು ನೋಯಿತೇ ಹೊರತು ಗಾಜು ಮೇಲೇರಲಿಲ್ಲ. ಮನೆ ಮುಟ್ಟುವ ಹೊತ್ತಿಗೆ ನನ್ನ ರೇಷ್ಮೆ ಸೀರೆಯ ಗತಿ ಏನಾಗಿರಬೇಡ, ನೀವೇ ಹೇಳಿ!

ಮರುದಿನ ಗ್ಯಾರೇಜಿನವನು ಎರಡು ಸಲ ಸ್ವಿಚ್ಚು ಒತ್ತಿ, "ಮೋಟಾರ್ ಗಯಾ ಸಾಬ್, ಪೂರಾ ಬದಲಾಯಿಸಬೇಕು" ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ನಮ್ಮ ಯಜಮಾನರು ತಲೆಯಾಡಿಸಿದರು. ನಾನು ಸುಮ್ಮನೆ ಡ್ರೈವರ್ ಸೀಟಿನಲ್ಲಿ ಕುಳಿತು ಅಲ್ಲಿದ್ದ ಎಡಗಿಟಕಿಯ ಸ್ವಿಚ್ಚನ್ನು ಎತ್ತಿದೆ. ಗಾಜು ಸರಾಗವಾಗಿ ಮೇಲೇರಿತು! ಹಿಂದಿನ ರಾತ್ರಿಯ ಗಾಬರಿಯಲ್ಲಿ ಇದು ನಮ್ಮಿಬ್ಬರಿಗೂ ಹೊಳೆದಿರಲೇ ಇಲ್ಲ. ಮೋಟಾರು ಸತ್ತಿದ್ದರೆ ಗಾಜು ಏರುವುದು ಹೇಗೆ?

ಇದರ ಒಳಗುಟ್ಟು ಬಹಳ ಸರಳ. ಸ್ವಿಚ್ಚನ್ನು ಎತ್ತಿದರೆ 12 ವೋಲ್ಟಿನ ವಿದ್ಯುತ್ತು ಬಾಗಿಲೊಳಗಿನ ಮೋಟಾರಿಗೆ ಒಂದು ದಿಕ್ಕಿನಲ್ಲಿ ಹರಿಯುತ್ತದೆ. ಒತ್ತಿದರೆ ಅದರ ವಿರುದ್ಧ ದಿಕ್ಕಿನಲ್ಲಿ. ಬಹಳಷ್ಟು ಹಳೆಯ ಕಾರುಗಳಲ್ಲಿ ಅಷ್ಟೂ ವಿದ್ಯುತ್ತು ಸ್ವಿಚ್ಚಿನೊಳಗಿನ ಪುಟ್ಟ ಲೋಹದ ತುಂಡುಗಳ ಮೂಲಕವೇ ಹಾದುಹೋಗಬೇಕು. ಪ್ರತಿ ಸಲವೂ ಅಲ್ಲಿ ಸಣ್ಣ ಕಿಡಿ ಹಾರಿ ಮಸಿ ಕೂರುತ್ತದೆ. ಧೂಳು, ಮಳೆಹನಿ, ಸಮುದ್ರದ ಉಪ್ಪುಗಾಳಿ ಸೇರಿದರೆ ಕೇಳಬೇಕೇ?

ಆದ್ದರಿಂದ ಹಣ ಬಿಚ್ಚುವ ಮೊದಲು ಕ್ರಮವಾಗಿ ನೋಡಿ.

ನಾಲ್ಕು ಕಿಟಕಿಗಳೂ ಕೆಲಸ ಮಾಡದಿದ್ದರೆ ಮೊದಲು ಫ್ಯೂಸು ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ದೊಡ್ಡದನ್ನೋ ತಂತಿಯ ತುಂಡನ್ನೋ ಸಿಕ್ಕಿಸಿದರೆ ಬೆಂಕಿಯನ್ನು ಕರೆದಂತೆ. ಡ್ರೈವರಿನ ಕಿಟಕಿ ಬಿಟ್ಟು ಉಳಿದವು ಕೆಲಸ ಮಾಡದಿದ್ದರೆ, ಮಕ್ಕಳಿಗಾಗಿ ಇಟ್ಟಿರುವ ಲಾಕ್ ಗುಂಡಿ ಒತ್ತಿಕೊಂಡಿದೆಯೇ ನೋಡಿ. ಎಷ್ಟೋ ಜನ ಇಷ್ಟಕ್ಕೇ ಗ್ಯಾರೇಜಿಗೆ ಓಡುತ್ತಾರೆ.

ಒಂದೇ ಕಿಟಕಿ ಕೆಟ್ಟಿದ್ದರೆ ಅದರ ಎರಡೂ ಸ್ವಿಚ್ಚುಗಳನ್ನು ಒತ್ತಿ. ಡ್ರೈವರ್ ಕಡೆಯಿಂದ ನಡೆದು ಇಲ್ಲಿಂದ ನಡೆಯದಿದ್ದರೆ, ಹೆಚ್ಚಾಗಿ ಇಲ್ಲಿನ ಸ್ವಿಚ್ಚೇ ಅಪರಾಧಿ. ಇಳಿಯುತ್ತದೆ, ಏರುವುದಿಲ್ಲ ಎಂದರೂ ಮೊದಲ ಅನುಮಾನ ಸ್ವಿಚ್ಚಿನ ಮೇಲೆಯೇ. ಎರಡೂ ಕಡೆಯಿಂದ ನಡೆಯದಿದ್ದರೆ ಕಿವಿಗೊಟ್ಟು ಕೇಳಿ. ಒತ್ತಿದಾಗ ಬಾಗಿಲೊಳಗೆ 'ಟಕ್' ಎಂದು, ಒಳಗಿನ ದೀಪ ತುಸು ಮಂಕಾದರೆ ವಿದ್ಯುತ್ತು ಮೋಟಾರನ್ನು ತಲುಪುತ್ತಿದೆ. ಮೋಟಾರೋ ಗಾಜಿನ ಹಳಿಯೋ ಸಿಕ್ಕಿಕೊಂಡಿದೆ. ಏನೂ ಸದ್ದಿಲ್ಲವಾದರೆ ಬಾಗಿಲಿನ ಕೀಲಿನ ಬಳಿ ರಬ್ಬರ್ ಕೊಳವೆಯೊಳಗಿನ ತಂತಿ ಮುರಿದಿರಬಹುದು. ಬಾಗಿಲು ತೆಗೆದು ಹಾಕಿದಾಗಲೆಲ್ಲ ಮಡಚಿ ಸವೆಯುವುದು ಅದೇ. ಹಿಂದಿನ ಎರಡು ಬಾಗಿಲುಗಳ ಸ್ವಿಚ್ಚು ಒಂದೇ ತರಹದ್ದಾಗಿದ್ದರೆ ಅದಲು ಬದಲು ಮಾಡಿ. ದೋಷವೂ ಜಾಗ ಬದಲಾಯಿಸಿದರೆ ತೀರ್ಪು ಸಿಕ್ಕಂತೆಯೇ.

ಸ್ವಿಚ್ಚು ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತಂತಿ ತೆಗೆಯಿರಿ. ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ ಮೆಲ್ಲಗೆ ಎಬ್ಬಿಸಿ. ಒಳಗೆ ಪುಟ್ಟ ಸ್ಪ್ರಿಂಗುಗಳಿರುತ್ತವೆ, ಹಾರಿಹೋದರೆ ಸಿಗಲಾರವು. ಕೆಳಗೊಂದು ಬಿಳಿ ಟವೆಲ್ ಹಾಸಿಕೊಳ್ಳಿ. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಎಂಬ ಸ್ಪ್ರೇ ಸಿಗುತ್ತದೆ. ಅದನ್ನು ಹೊಡೆದು, ಒರೆಸಿ, ಪೂರ್ತಿ ಆರಿದ ಮೇಲೆಯೇ ಬ್ಯಾಟರಿ ಜೋಡಿಸಿ. ತೆಂಗಿನೆಣ್ಣೆ ಹಾಕಲು ಹೋಗಬೇಡಿ! ಲೋಹವೇ ಸುಟ್ಟು ಸವೆದಿದ್ದರೆ ಹೊಸ ಸ್ವಿಚ್ಚೇ ಗತಿ. ನಮ್ಮದರಲ್ಲಿ ಬರೀ ಕಪ್ಪು ಮಸಿ ಇತ್ತು. ಒರೆಸಿ ಜೋಡಿಸಿದ ಮೇಲೆ ಗಾಜು ಇಂದಿಗೂ ಹೇಳಿದ ಮಾತು ಕೇಳುತ್ತಿದೆ.

"ಒಂದು ಕಿಟಕಿಗೆ ಇಷ್ಟು ಪುರಾಣವೇ ಆಂಟಿ?" ಎನ್ನುತ್ತೀರೇನೋ. 2005ರ ಜುಲೈ 26ರಂದು ನಿಮ್ಮಲ್ಲಿ ಅನೇಕರು ಇನ್ನೂ ಹುಟ್ಟಿರಲಿಲ್ಲ. ಅಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ನೀರು ತುಂಬಿದ ರಸ್ತೆಗಳಲ್ಲಿ ಬಾಗಿಲೂ ತೆರೆಯದೆ, ಗಾಜೂ ಇಳಿಯದೆ, ಕಾರಿನೊಳಗೇ ಉಸಿರು ಕಳೆದುಕೊಂಡವರಿದ್ದಾರೆ. ಆ ರಾತ್ರಿ ನಮ್ಮವರು ಮನೆ ತಲುಪುವವರೆಗೆ ನಾನು ಕಿಟಕಿ ಬಿಟ್ಟು ಕದಲಿರಲಿಲ್ಲ.

ಹಾಗಾಗಿ ನೆನಪಿಡಿ. ರಸ್ತೆಯಲ್ಲಿ ನೀರು ಏರತೊಡಗಿದರೆ ಕಾರಿನ ಮೋಹ ಬಿಡಿ. ಬೆಲ್ಟು ಬಿಚ್ಚಿ, ಗಾಜು ಇಳಿಯುವಾಗಲೇ ಇಳಿಸಿ, ಹೊರಗೆ ಬನ್ನಿ. ಹೊರಗಿನ ನೀರು ಒತ್ತಿದ ಮೇಲೆ ಬಾಗಿಲು ತೆರೆಯುವುದು ಬಲು ಕಷ್ಟ. ಗಾಜು ಒಡೆಯುವ ಚೂಪು ಸುತ್ತಿಗೆಯೊಂದನ್ನು ಕೈಗೆಟಕುವಲ್ಲಿ ಇಡಿ. ಹೊಡೆಯಬೇಕಾದದ್ದು ಪಕ್ಕದ ಗಾಜಿನ ಮೂಲೆಗೆ. ಎದುರಿನ ಗಾಜು ಎರಡು ಪದರದ್ದು, ಬಿರುಕು ಬಿಟ್ಟರೂ ದಾರಿ ಕೊಡುವುದಿಲ್ಲ.

ಈ ಭಾನುವಾರ ಹತ್ತು ನಿಮಿಷ ಬಿಡುವು ಮಾಡಿಕೊಂಡು ನಾಲ್ಕೂ ಕಿಟಕಿಗಳನ್ನು ಇಳಿಸಿ ಏರಿಸಿ ನೋಡಿ. ಪಕ್ಕದಲ್ಲಿ ಅಪ್ಪನನ್ನೂ ನಿಲ್ಲಿಸಿಕೊಳ್ಳಿ. ಅಮ್ಮನನ್ನಂತೂ ಮರೆಯಬೇಡಿ, ಎಡಗಡೆಯ ಸೀಟಿನಲ್ಲಿ ಕೂರುವವಳು ಅವಳೇ ತಾನೇ!